ನಿಗಾದಲ್ಲಿರುವ ಪ್ರಾಸ್ಟೇಟ್ ಕ್ಯಾನ್ಸರ್: ಮನೆಯ ವ್ಯಾಯಾಮದ ಫಲ ಎಲ್ಲಿ ಸಿಗುತ್ತದೆ?

2025ರ ಜೂನ್ ಮೊದಲ ವಾರ ಷಿಕಾಗೊದಲ್ಲಿ ಸೇರಿದ್ದ ಕ್ಯಾನ್ಸರ್ ತಜ್ಞರ ಸಮ್ಮೇಳನದಿಂದ ಒಂದು ಸುದ್ದಿ ಬಂತು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೊ ಎರಡನ್ನೂ ಮುಗಿಸಿದ 889 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತರಬೇತುದಾರರ ಬೆಂಬಲದೊಂದಿಗೆ ಮೂರು ವರ್ಷ ವ್ಯಾಯಾಮದ ಕಾರ್ಯಕ್ರಮ ಕೊಟ್ಟಿದ್ದರು. ಇನ್ನೊಂದು ಗುಂಪಿನ ಕೈಗೆ ಬಂದದ್ದು ಆರೋಗ್ಯ ಮಾಹಿತಿಯ ಪುಸ್ತಿಕೆ ಮಾತ್ರ. ಎಂಟು ವರ್ಷದ ಲೆಕ್ಕ ತೆಗೆದಾಗ ವ್ಯಾಯಾಮದ ಗುಂಪಿನಲ್ಲಿ ಬದುಕುಳಿದವರು ಶೇ 90.3, ಪುಸ್ತಿಕೆಯ ಗುಂಪಿನಲ್ಲಿ ಶೇ 83.2. 'ಚಾಲೆಂಜ್' ಎಂಬ ಹೆಸರಿನ ಈ ಅಧ್ಯಯನದ ಬೆನ್ನಿಗೇ 'ವ್ಯಾಯಾಮವೇ ಕ್ಯಾನ್ಸರ್‌ಗೆ ಮದ್ದು' ಎಂಬ ಶೀರ್ಷಿಕೆಗಳು ಎಲ್ಲೆಡೆ ಹರಿದಾಡಿದವು.

ಅದಕ್ಕೆ ಎರಡು ವಾರ ಮೊದಲಷ್ಟೇ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಅದು ಮೂಳೆಗೆ ಹರಡಿದೆ ಎಂಬ ಸುದ್ದಿ ಬಂದಿತ್ತು. ಎರಡನ್ನೂ ಓದಿ ಹೆಚ್ಚು ಗಲಿಬಿಲಿಗೊಂಡವರು, "ನಿಮಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಆದರೆ ಸದ್ಯಕ್ಕೆ ಚಿಕಿತ್ಸೆ ಬೇಡ, ಗಮನಿಸುತ್ತಿರೋಣ" ಎಂದು ವೈದ್ಯರಿಂದ ಕೇಳಿಸಿಕೊಂಡು ಮನೆಗೆ ಬಂದಿರುವ ಗಂಡಸರು. ಚಿಕಿತ್ಸೆ ಇಲ್ಲದ ಈ ಅವಧಿಯಲ್ಲಿ ತಮ್ಮ ಕೈಯಲ್ಲಿ ಮಾಡಲು ಏನಾದರೂ ಇದೆಯೇ ಎಂದು ಹುಡುಕುವವರಿಗೆ ಮೊದಲು ಸಿಗುವುದೇ ವ್ಯಾಯಾಮ. ಅದರಲ್ಲೂ ಮನೆಯಲ್ಲೇ, ಯಾರ ಹಂಗೂ ಇಲ್ಲದೆ ಮಾಡಬಹುದಾದ ವ್ಯಾಯಾಮ. ಅದರಿಂದ ಗಡ್ಡೆ ನಿಲ್ಲುತ್ತದೆಯೇ? ನಿಲ್ಲದಿದ್ದರೆ ಮಾಡುವುದೇಕೆ?

ಒಂದೇ ಹೆಸರು, ಬೇರೆ ಬೇರೆ ದಾರಿ

ಬೈಡನ್ ಅವರ ಗಡ್ಡೆಯ ಗ್ಲೀಸನ್ ಅಂಕ 9. ನಿಗಾದಲ್ಲಿರುವ ಹೆಚ್ಚಿನವರದ್ದು 6. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜೀವಕೋಶಗಳು ಎಷ್ಟು ಕೆಟ್ಟಿವೆ ಎಂದು ಕೊಡುವ ಈ ಅಂಕದಲ್ಲಿ, ಕ್ಯಾನ್ಸರ್ ಎಂದು ಕರೆಯುವುದು ಶುರುವಾಗುವುದೇ 6ರಿಂದ. ಅಂದರೆ 10ಕ್ಕೆ 6 ಎಂಬುದು ಮಧ್ಯದ ಅಂಕವಲ್ಲ, ತೀರಾ ಕೆಳಗಿನ ಮೆಟ್ಟಿಲು. ಇದು ಗೊತ್ತಿಲ್ಲದೆ ವರದಿ ಹಿಡಿದು ನಿದ್ದೆಗೆಟ್ಟವರು ಎಷ್ಟೋ ಮಂದಿ. 6 ಅಂಕದ ಗಡ್ಡೆ ದೇಹದ ಬೇರೆ ಕಡೆಗೆ ಹರಡುವುದು ತೀರಾ ಅಪರೂಪ. ಹಾಗಾಗಿ ಅದನ್ನು ಕ್ಯಾನ್ಸರ್ ಎಂದು ಕರೆಯುವುದನ್ನೇ ಬಿಡೋಣ ಎಂದು 2022ರಲ್ಲಿ ಕೆಲವು ತಜ್ಞರು ವೈದ್ಯಕೀಯ ಪತ್ರಿಕೆಯಲ್ಲಿ ವಾದಿಸಿದರು. ಹೆಸರು ತೆಗೆದರೆ ಜನ ತಪಾಸಣೆಗೇ ಬರುವುದಿಲ್ಲ ಎಂಬುದು ಎದುರು ಪಕ್ಷದ ಆತಂಕ. ಆ ಜಗಳ ಇನ್ನೂ ಮುಗಿದಿಲ್ಲ.

ನಿಗಾದಲ್ಲೂ ಎರಡು ಬಗೆ ಇದೆ. ಸಕ್ರಿಯ ನಿಗಾ ಎಂದರೆ ಕೆಲವು ತಿಂಗಳಿಗೊಮ್ಮೆ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಪ್ರೋಟೀನ್) ಅಳೆಯುವ ರಕ್ತಪರೀಕ್ಷೆ, ನಿಗದಿತ ಅಂತರದಲ್ಲಿ ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ. ಗಡ್ಡೆಯ ನಡವಳಿಕೆ ಬದಲಾದರೆ, ಗುಣಪಡಿಸುವ ಅವಕಾಶ ಕೈತಪ್ಪುವ ಮೊದಲೇ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ. ಇನ್ನೊಂದು ಬಗೆಯಲ್ಲಿ, ವಯಸ್ಸು ಅಥವಾ ಬೇರೆ ಕಾಯಿಲೆಗಳ ಕಾರಣಕ್ಕೆ ಗುಣಪಡಿಸುವ ಚಿಕಿತ್ಸೆಯ ಯೋಚನೆಯನ್ನೇ ಬಿಟ್ಟು, ತೊಂದರೆ ಕಾಣಿಸಿಕೊಂಡಾಗ ನೋಡಿಕೊಳ್ಳುತ್ತಾರೆ. ಈ ಲೇಖನದ ವಿಷಯ ಮೊದಲನೆಯದು.

ಕಾಯುವುದರ ಲೆಕ್ಕ

ಸುಮ್ಮನೆ ಕಾದರೆ ಏನಾಗುತ್ತದೆ ಎಂಬುದಕ್ಕೆ ಈವರೆಗಿನ ಗಟ್ಟಿ ಉತ್ತರ ಸಿಕ್ಕಿದ್ದು ಬ್ರಿಟನ್ನಿನ 'ಪ್ರೊಟೆಕ್ಟ್' ಅಧ್ಯಯನದಿಂದ. 1,643 ಗಂಡಸರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂಬ ಮೂರು ಗುಂಪಿಗೆ ಚೀಟಿ ಎತ್ತಿದಂತೆ ಹಂಚಿ, ಸುಮಾರು 15 ವರ್ಷ ಹಿಂಬಾಲಿಸಿದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ನಿಗಾ ಗುಂಪಿನಲ್ಲಿ ಶೇ 3.1, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 2.2, ವಿಕಿರಣದ ಗುಂಪಿನಲ್ಲಿ ಶೇ 2.9. ವ್ಯತ್ಯಾಸ ಇಲ್ಲವೆಂಬಷ್ಟು ಸಣ್ಣದು. ಆದರೆ ಕಾಯಿಲೆ ಹರಡಿದ್ದು ನಿಗಾ ಗುಂಪಿನಲ್ಲಿ ಶೇ 9.4, ಉಳಿದೆರಡರಲ್ಲಿ ಶೇ 5ರ ಆಸುಪಾಸು. ಕಾಯುವುದಕ್ಕೂ ಒಂದು ಬೆಲೆ ಇದೆ ಎಂದಾಯಿತು. ಅಂದಿನ ನಿಗಾ ಮುಖ್ಯವಾಗಿ ಪಿಎಸ್‌ಎ ಮೇಲೇ ನಿಂತಿತ್ತು, ಎಂಆರ್‌ಐ ಬಳಸುವ ಇಂದಿನ ಪದ್ಧತಿ ಅದಕ್ಕಿಂತ ಬಿಗಿ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಇದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಸುದ್ದಿಗಳು ದಾಟಿಕೊಂಡು ಹೋದವು. ಮೂರೂ ಗುಂಪು ಸೇರಿ ಆ ಅವಧಿಯಲ್ಲಿ ತೀರಿಕೊಂಡವರು 356 ಮಂದಿ. ಅವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ತೀರಿಕೊಂಡವರು 45. ಎಂಟು ಸಾವಿನಲ್ಲಿ ಏಳು ಬೇರೆ ಕಾರಣಕ್ಕೆ! ಕಡಿಮೆ ಅಪಾಯದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರನ್ನು ಹೆಚ್ಚಾಗಿ ಕೊಲ್ಲುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ವ್ಯಾಯಾಮದ ಚರ್ಚೆ ನಿಜಕ್ಕೂ ಶುರುವಾಗಬೇಕಾದದ್ದು ಇಲ್ಲಿಂದ. ಗಡ್ಡೆಯ ಮೇಲೆ ವ್ಯಾಯಾಮದ ಪರಿಣಾಮ ಸೊನ್ನೆ ಎಂದೇ ಇಟ್ಟುಕೊಂಡರೂ, ರಕ್ತದೊತ್ತಡ, ಸಕ್ಕರೆ, ಹೃದಯದ ಮೇಲೆ ಅದರ ಪರಿಣಾಮ ಸೊನ್ನೆಯಲ್ಲ. ಪಿಎಸ್‌ಎ ಅಂಕಿಯನ್ನೇ ದಿಟ್ಟಿಸಿ ಕೂತವನು ಎಷ್ಟೋ ಸಲ ತಪ್ಪು ಬಾಗಿಲನ್ನು ಕಾಯುತ್ತಿರುತ್ತಾನೆ.

ಗಡ್ಡೆ ನಿಲ್ಲುತ್ತದೆಯೇ?

ವ್ಯಾಯಾಮ ಮಾಡುವವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮೆತ್ತಗಿರುತ್ತದೆ ಎಂಬ ಸುಳಿವು ಹಳೆಯದು. ಅಮೆರಿಕದ ಆರೋಗ್ಯ ವೃತ್ತಿಯ ಗಂಡಸರನ್ನು ದೀರ್ಘಕಾಲ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ಹರಡದ ಕ್ಯಾನ್ಸರ್ ಪತ್ತೆಯಾಗಿದ್ದ 2,705 ಮಂದಿಯನ್ನು ನೋಡಿದಾಗ, ವಾರಕ್ಕೆ ಮೂರು ಗಂಟೆಯೋ ಅದಕ್ಕಿಂತ ಹೆಚ್ಚೋ ಬಿರುಸಿನ ಚಟುವಟಿಕೆ ಮಾಡುತ್ತಿದ್ದವರು ಈ ಕ್ಯಾನ್ಸರ್‌ನಿಂದ ಸಾಯುವ ಸಂಭವ, ಒಂದು ಗಂಟೆಗಿಂತ ಕಡಿಮೆ ಮಾಡುವವರಿಗಿಂತ ಶೇ 61ರಷ್ಟು ಕಡಿಮೆ ಇತ್ತು. 2011ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೆ ಮೂರು ಗಂಟೆ ಬಿರುಸಾಗಿ ನಡೆಯುವವರಲ್ಲಿ ಕಾಯಿಲೆ ಮುಂದುವರಿಯುವ ಪ್ರಮಾಣ, ಕಡಿಮೆ ಹೊತ್ತು ನಿಧಾನಕ್ಕೆ ನಡೆಯುವವರಿಗಿಂತ ಶೇ 57 ಕಡಿಮೆ ಕಂಡಿತು.

ಕೇಳಲು ಎಷ್ಟು ಚೆಂದ! ಆದರೆ ಇವೆರಡೂ ದೂರದಿಂದ ನೋಡಿ ಬರೆದುಕೊಂಡ ಅಧ್ಯಯನಗಳು. ಯಾರನ್ನೂ ಹಿಡಿದು ವ್ಯಾಯಾಮ ಮಾಡಿಸಿದ್ದಲ್ಲ. ಬಿರುಸಾಗಿ ನಡೆಯಬಲ್ಲವನು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದು. ಒಳಗೊಳಗೇ ಕಾಯಿಲೆ ಹೆಚ್ಚುತ್ತಿರುವವನು ಅದೇ ಕಾರಣಕ್ಕೆ ನಡೆಯುವುದನ್ನು ಬಿಟ್ಟಿರಬಹುದು. ಸಂಶೋಧಕರು ಇದನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಲು ಪ್ರಯತ್ನಿಸುತ್ತಾರೆ, ಪೂರ್ತಿ ಆಗುವುದಿಲ್ಲ.

ಈ ಎಚ್ಚರ ಏಕೆ ಬೇಕು ಎಂಬುದಕ್ಕೆ ತರಕಾರಿಯ ಕಥೆ ಸಾಕು. ತರಕಾರಿ ಹೆಚ್ಚು ತಿನ್ನುವವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ನಿಧಾನ ಎಂದು ಇದೇ ಬಗೆಯ ಸುಳಿವುಗಳು ಹೇಳುತ್ತಿದ್ದವು. ನಿಗಾದಲ್ಲಿದ್ದ 478 ಮಂದಿಯ ಮೇಲೆ ಎರಡು ವರ್ಷ ಅದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ತರಕಾರಿ ಹೆಚ್ಚು ತಿಂದದ್ದು ನಿಜ, ಕಾಯಿಲೆಯ ಓಟ ಮಾತ್ರ ಬದಲಾಗಲಿಲ್ಲ.

ವ್ಯಾಯಾಮಕ್ಕೆ ಅಂಥ ಪರೀಕ್ಷೆ ಆಗಿದೆಯೇ? ಸಣ್ಣ ಪ್ರಮಾಣದಲ್ಲಿ ಆಗಿದೆ. 2005ರಲ್ಲಿ ಅಮೆರಿಕದ ವೈದ್ಯ ಡೀನ್ ಆರ್ನಿಷ್ ಮತ್ತು ಸಂಗಡಿಗರು 93 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ವರ್ಷದ ಕೊನೆಗೆ ಜೀವನಶೈಲಿ ಬದಲಿಸಿಕೊಂಡವರ ಪಿಎಸ್‌ಎ ಶೇ 4ರಷ್ಟು ಇಳಿದಿತ್ತು, ಉಳಿದವರದ್ದು ಶೇ 6 ಏರಿತ್ತು. ಆದರೆ ಅದರಲ್ಲಿ ನಡಿಗೆಯ ಜೊತೆ ಪೂರ್ತಿ ಸಸ್ಯಾಹಾರ, ಯೋಗ, ಧ್ಯಾನ ಎಲ್ಲವೂ ಇದ್ದವು. ಯಾವುದರಿಂದ ಏನಾಯಿತು ಎಂದು ಬಿಡಿಸಿ ಹೇಳಲಾಗದು.

ವ್ಯಾಯಾಮವೊಂದನ್ನೇ ಹಿಡಿದು ನಡೆದದ್ದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ 'ಇರೇಸ್' ಅಧ್ಯಯನ, 2021ರಲ್ಲಿ ಪ್ರಕಟವಾಯಿತು. ನಿಗಾದಲ್ಲಿದ್ದ 52 ಮಂದಿ. ಅರ್ಧದಷ್ಟು ಜನರಿಗೆ 12 ವಾರ, ವಾರಕ್ಕೆ ಮೂರು ದಿನ ಟ್ರೆಡ್‌ಮಿಲ್. ಎರಡು ನಿಮಿಷ ತಮ್ಮ ಗರಿಷ್ಠ ಸಾಮರ್ಥ್ಯದ ಶೇ 85ರಿಂದ 95ರಷ್ಟು ಬಿರುಸಿನಲ್ಲಿ, ಎದೆ ಹೊಡೆದುಕೊಳ್ಳುವಂತೆ, ಮಾತಾಡಲು ಉಸಿರೇ ಉಳಿಯದಂತೆ. ಆಮೇಲೆ ಎರಡು ನಿಮಿಷ ನಿಧಾನ. ಮತ್ತೆ ಎರಡು ನಿಮಿಷ ಬಿರುಸು. ಪಕ್ಕದಲ್ಲಿ ತರಬೇತುದಾರರು. ಕೊನೆಗೆ ವ್ಯಾಯಾಮದ ಗುಂಪಿನವರ ಆಮ್ಲಜನಕ ಬಳಸುವ ಸಾಮರ್ಥ್ಯ ಏರಿತ್ತು, ಉಳಿದವರದ್ದು ಕುಸಿದಿತ್ತು. ಎರಡೂ ಗುಂಪಿನ ಪಿಎಸ್‌ಎ ನಡುವೆ 1.1 ಅಂಶದ ವ್ಯತ್ಯಾಸ ವ್ಯಾಯಾಮದ ಪರವಾಗಿತ್ತು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಿಗೆ ವ್ಯಾಯಾಮ ಮಾಡಿದವರ ರಕ್ತದ ದ್ರವ ಸೇರಿಸಿದಾಗ ಆ ಕೋಶಗಳ ಬೆಳವಣಿಗೆಯೂ ತಗ್ಗಿತು.

ಇದು ಹೀಗೇಕೆ ಆಗಬಹುದು ಎಂಬುದಕ್ಕೆ ವಿವರಣೆಗಳಿವೆ. ದುಡಿಯುವ ಸ್ನಾಯು ಕೆಲವು ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಮಟ್ಟ ತಗ್ಗುತ್ತದೆ, ಉರಿಯೂತ ಕಡಿಮೆಯಾಗುತ್ತದೆ. ಓಡುವ ಇಲಿಗಳಲ್ಲಿ ಅಡ್ರಿನಲಿನ್ ಹೆಚ್ಚಿ, ಗಡ್ಡೆಯ ಮೇಲೆ ದಾಳಿ ಮಾಡುವ ರಕ್ಷಣಾ ಕೋಶಗಳು ಗಡ್ಡೆಯೊಳಗೆ ನುಗ್ಗುವುದನ್ನು ಡೆನ್ಮಾರ್ಕ್‌ನ ಸಂಶೋಧಕರು 2016ರಲ್ಲಿ ತೋರಿಸಿದ್ದರು. ಇಲಿಗಳಲ್ಲಿ ಮತ್ತು ತಟ್ಟೆಯಲ್ಲಿ ಕಂಡದ್ದು ಮನುಷ್ಯನ ಗ್ರಂಥಿಯೊಳಗೆ ಅಷ್ಟೇ ಪ್ರಮಾಣದಲ್ಲಿ ನಡೆಯುತ್ತದೆ ಎನ್ನಲು ಮಾತ್ರ 52 ಮಂದಿ, 12 ವಾರ ಸಾಲದು. ಇಂಥ ಗಡ್ಡೆ ಬದಲಾಗಲು ವರ್ಷಗಳು ಹಿಡಿಯುತ್ತವೆ.

ಚಂಚಲ ಅಂಕಿ

ಪಿಎಸ್‌ಎ ಇಳಿಯಿತು ಎಂದರೆ ಗಡ್ಡೆ ಕುಗ್ಗಿತು ಎಂದು ಓದುವುದು ಸಹಜ. ಆದರೆ ಪಿಎಸ್‌ಎ ಗಡ್ಡೆಯ ಅಳತೆಯಲ್ಲ. ಅದು ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್, ಆರೋಗ್ಯವಂತ ಗ್ರಂಥಿಯೂ ಅದನ್ನು ಬಿಡುತ್ತದೆ. ಗ್ರಂಥಿ ಊದಿಕೊಂಡರೆ, ಮೂತ್ರದ ಸೋಂಕಾದರೆ ಏರುತ್ತದೆ. ಏನೂ ಆಗದೆಯೂ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಅಷ್ಟಿಷ್ಟು ಹೊಯ್ದಾಡುತ್ತದೆ.

ವ್ಯಾಯಾಮ ಮಾಡುವವರಿಗೆ ಇದರಲ್ಲಿ ಎರಡು ತಿರುವುಗಳಿವೆ. ಒಂದು, ಬಿರುಸಿನ ವ್ಯಾಯಾಮ ಮಾಡಿದ ಬೆನ್ನಿಗೇ ರಕ್ತ ಕೊಟ್ಟರೆ ಅಂಕಿ ತಾತ್ಕಾಲಿಕವಾಗಿ ಏರಬಹುದು. ಅದಕ್ಕೇ ಪರೀಕ್ಷೆಗೆ 48 ಗಂಟೆ ಮೊದಲಿಂದ ಬಿರುಸಿನ ವ್ಯಾಯಾಮ ಬೇಡ, ವೀರ್ಯ ಸ್ಖಲನವೂ ಬೇಡ ಎಂಬುದು ಬ್ರಿಟನ್ನಿನ ಆರೋಗ್ಯ ಸೇವೆಯ ಸೂಚನೆ. ಸೋಂಕು ಅಥವಾ ಬಯಾಪ್ಸಿ ಆಗಿದ್ದರೆ ಆರು ವಾರ ಕಾಯಬೇಕು. ಹೊಸ ಉತ್ಸಾಹದಲ್ಲಿ ಬೆಳಿಗ್ಗೆ ಬಿರುಸಾಗಿ ಸೈಕಲ್ ತುಳಿದು ಹಾಗೇ ಲ್ಯಾಬಿಗೆ ಹೋದವನು, ಇಲ್ಲದ ಭಯವನ್ನು ಮನೆಗೆ ತರಬಹುದು.

ಎರಡನೆಯದು ಇನ್ನೂ ಸೂಕ್ಷ್ಮ. ಸ್ಥೂಲಕಾಯದವರಲ್ಲಿ ರಕ್ತದ ದ್ರವಭಾಗ ಹೆಚ್ಚಿರುವುದರಿಂದ ಅದೇ ಪ್ರಮಾಣದ ಪಿಎಸ್‌ಎ ತೆಳುವಾಗಿ ಕಡಿಮೆ ಕಾಣುತ್ತದೆ. ತೂಕ ಇಳಿದಾಗ ಗಡ್ಡೆಯಲ್ಲಿ ಏನೂ ಬದಲಾಗದೆ ಅಂಕಿ ತುಸು ಮೇಲೆ ಹೋಗಬಹುದು. ತದ್ವಿರುದ್ಧವಾಗಿ, ಕೆಲವು ವಾರ ಏದುಸಿರಿನ ವ್ಯಾಯಾಮ ಮಾಡಿದರೆ ರಕ್ತದ ದ್ರವಭಾಗ ಹಿಗ್ಗುತ್ತದೆ. ಕೆನಡಾದಲ್ಲಿ ಕಂಡ ಇಳಿಕೆಯಲ್ಲಿ ಇದರ ಪಾಲು ಎಷ್ಟು ಎಂಬ ಪ್ರಶ್ನೆಗೆ ಜಾಗವಿದೆ. ಹಾಗಾಗಿ ತಿಂಗಳು ತಿಂಗಳು ಪಿಎಸ್‌ಎ ನೋಡಿ ವ್ಯಾಯಾಮಕ್ಕೆ ಅಂಕ ಕೊಡುವುದು ಕಲಕಿದ ನೀರಿನಲ್ಲಿ ಆಳ ನೋಡಿದ ಹಾಗೆ.

ಲ್ಯಾಬಿನ ವ್ಯಾಯಾಮ ಬೇರೆ, ಮನೆಯ ವ್ಯಾಯಾಮ ಬೇರೆ

ಒಳ್ಳೆಯ ಫಲಿತಾಂಶ ಕೊಟ್ಟ ಪ್ರಯೋಗಗಳಲ್ಲಿ ಬಹುಪಾಲು ಯಾರೋ ಒಬ್ಬರು ನಿಂತು ಮಾಡಿಸಿದವು. ಇರೇಸ್‌ನಲ್ಲಿ ನಿಗದಿಯಾದ ತರಗತಿಗಳ ಪೈಕಿ ಶೇ 96ಕ್ಕೆ ಜನ ಹಾಜರಾಗಿದ್ದರು. ಮನೆಯಲ್ಲಿ ಅಂಥ ಹಾಜರಾತಿ ಎಲ್ಲಿಯದು? ನಾನಾ ಬಗೆಯ ಕ್ಯಾನ್ಸರ್ ಇರುವವರ 34 ಪ್ರಯೋಗಗಳ ಮಾಹಿತಿ ಒಟ್ಟುಗೂಡಿಸಿ 2017ರಲ್ಲಿ ಬಂದ ವಿಶ್ಲೇಷಣೆಯೊಂದು, ಉಸ್ತುವಾರಿಯಲ್ಲಿ ಮಾಡಿದ ವ್ಯಾಯಾಮವೇ ಜೀವನದ ಗುಣಮಟ್ಟ ಮತ್ತು ದೈಹಿಕ ಸಾಮರ್ಥ್ಯಕ್ಕೆ ಹೆಚ್ಚು ಲಾಭ ಕೊಟ್ಟಿತು ಎಂದು ತೋರಿಸಿದೆ.

ಕಾರಣ ಸರಳ. ಒಬ್ಬರೇ ಮಾಡುವಾಗ ಎರಡು ಕಡೆ ಸೋರಿಕೆಯಾಗುತ್ತದೆ: ಬಿರುಸು ಮತ್ತು ಮುಂದುವರಿಕೆ. ಕಷ್ಟ ಶುರುವಾಗುವ ಹೊತ್ತಿಗೆ ದೇಹ ತಾನೇ ನಿಧಾನಿಸುತ್ತದೆ, ತಡೆಯುವವರಿಲ್ಲ. ಮೊದಲ ತಿಂಗಳು ಮಾಡಿದ್ದನ್ನೇ ಆರನೇ ತಿಂಗಳಲ್ಲೂ ಮಾಡಿದರೆ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ, ಹೊಸ ಲಾಭ ಬರುವುದಿಲ್ಲ. ಹೀಗಿದ್ದೂ ಮನೆಯ ವ್ಯಾಯಾಮವನ್ನು ತಳ್ಳಿಹಾಕುವಂತಿಲ್ಲ. ಸಕ್ರಿಯ ನಿಗಾ ವರ್ಷಗಟ್ಟಲೆ ನಡೆಯುವ ಸಂಗತಿ, ಅಷ್ಟು ಕಾಲ ತರಬೇತುದಾರರ ಎದುರು ಟ್ರೆಡ್‌ಮಿಲ್ ಹತ್ತುವುದು ಬಹಳ ಕಡಿಮೆ ಜನರಿಗೆ ಸಾಧ್ಯ. ಚಾಲೆಂಜ್ ಅಧ್ಯಯನದಲ್ಲೂ ಮೂರು ವರ್ಷವಿಡೀ ಯಾರೂ ಪಕ್ಕದಲ್ಲಿ ನಿಂತಿರಲಿಲ್ಲ. ಕ್ರಮೇಣ ಭೇಟಿಗಳ ನಡುವಿನ ಅಂತರ ಹೆಚ್ಚಿತು, ಆದರೆ ಕೇಳುವವರು ಇದ್ದೇ ಇದ್ದರು. ನನಗೆ ಅನ್ನಿಸುವುದು, ಮನೆಯ ವ್ಯಾಯಾಮ ಸೋಲುವುದು ಅದು ಮನೆಯಲ್ಲಿ ನಡೆಯುತ್ತದೆ ಎಂಬುದಕ್ಕಲ್ಲ, ಅದನ್ನು ಯಾರೂ ವಿಚಾರಿಸುವುದಿಲ್ಲ ಎಂಬುದಕ್ಕೆ. ಪಿಎಸ್‌ಎ ನೋಡಲು ಕರೆಯುವ ವೈದ್ಯರು ಅದೇ ಭೇಟಿಯಲ್ಲಿ ಎಷ್ಟು ನಡೆದಿರಿ ಎಂದೂ ಕೇಳಿ ಬರೆದುಕೊಂಡರೆ ಅರ್ಧ ಕೆಲಸ ಆಯಿತು.

ಕುರ್ಚಿ, ಗೋಡೆ, ಮೆಟ್ಟಿಲು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಅಥವಾ 75ರಿಂದ 150 ನಿಮಿಷ ಬಿರುಸಿನದು, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ. ನಿಗಾದಲ್ಲಿರುವವರಿಗೆ ಬೇರೆಯೇ ಅಳತೆಗೋಲು ಬೇಕಿಲ್ಲ. ನಡೆಯುತ್ತ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಅದು ಮಧ್ಯಮ. ಒಂದೆರಡು ಮಾತಿಗೇ ಉಸಿರು ಕಟ್ಟಿದರೆ ಬಿರುಸು. ಕೈಗಡಿಯಾರದ ನಾಡಿಬಡಿತಕ್ಕಿಂತ ಇದು ನಂಬಿಕಸ್ಥ. ಏಕೆಂದರೆ ಬೀಟಾ ಬ್ಲಾಕರ್ ಬಗೆಯ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟು ದುಡಿದರೂ ಹೆಚ್ಚು ಏರುವುದಿಲ್ಲ.

ಸ್ನಾಯುಬಲಕ್ಕೆ ಒಂದು ಕುರ್ಚಿಯಿಂದಲೇ ಶುರು ಮಾಡಬಹುದು. ಗೋಡೆಗೆ ಒರಗಿಸಿಟ್ಟ, ಕೈಯಿಲ್ಲದ ಗಟ್ಟಿ ಕುರ್ಚಿ. ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಪಾದ ನೆಲಕ್ಕೂರಿ, ಪೂರ್ತಿ ಎದ್ದು ನಿಂತು ಮತ್ತೆ ಕೂರುವುದು. 30 ಸೆಕೆಂಡಿನಲ್ಲಿ ಎಷ್ಟು ಸಲ? 65ರಿಂದ 69ರ ವಯಸ್ಸಿನ ಗಂಡಸು 12ಕ್ಕಿಂತ ಕಡಿಮೆ ಸಲ ಎದ್ದರೆ ಅದು ಸರಾಸರಿಗಿಂತ ಕೆಳಗೆ. ಇದು ಪರೀಕ್ಷೆಯೂ ಹೌದು, ವ್ಯಾಯಾಮವೂ ಹೌದು. ಸಲೀಸಾದ ಮೇಲೆ ಕುರ್ಚಿ ಸರಿಸಿ ಬಸ್ಕಿ ಹೊಡೆಯಬಹುದು, ಕೈಯಲ್ಲಿ ಭಾರ ಹಿಡಿಯಬಹುದು. ಗೋಡೆಗೆ ಅಂಗೈ ಊರಿ ಎದೆಯನ್ನು ಹತ್ತಿರ ತಂದು ದೂರ ತಳ್ಳುವುದು, ರಬ್ಬರ್ ಬ್ಯಾಂಡ್ ಎಳೆಯುವುದು, ಮೆಟ್ಟಿಲು ಹತ್ತುವುದು ಇದರ ಜೊತೆಗೆ. ಎದ್ದೇಳುವಾಗ ಉಸಿರು ಬಿಡಬೇಕು. ಬಿಗಿಹಿಡಿದರೆ ರಕ್ತದೊತ್ತಡ ಜಿಗಿಯುತ್ತದೆ.

ಇಲ್ಲೊಂದು ಎಚ್ಚರ ಈ ಗುಂಪಿಗೇ ವಿಶೇಷ. ಮೂತ್ರ ಸರಾಗವಾಗಲೆಂದು ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ನುಂಗುವವರು ಇವರಲ್ಲಿ ಹಲವರು. ಆ ಮಾತ್ರೆಯಿಂದ ದಿಢೀರನೆ ಎದ್ದಾಗ ತಲೆ ಸುತ್ತಬಹುದು. ನೆಲದ ಮೇಲೆ ಮಲಗಿ ಮಾಡುವ ವ್ಯಾಯಾಮದಿಂದ ಏಳುವಾಗ ಒಂದು ಕ್ಷಣ ಕೂತು ಏಳುವುದು ಒಳ್ಳೆಯದು. ಬಯಾಪ್ಸಿ ಆದ ಮೇಲೆ ಕೆಲವು ದಿನ ಭಾರ ಎತ್ತುವಂತಿಲ್ಲ. ನಡೆಯುವಾಗ ಎದೆನೋವು ಬರುವವರು, ಹೃದಯದ ಕಾಯಿಲೆ ಇರುವವರು ಬಿರುಸಿನ ವ್ಯಾಯಾಮಕ್ಕೆ ಇಳಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಅಪಾಯ ಸಣ್ಣದಾದರೂ ಸೊನ್ನೆಯಲ್ಲ: ಚಾಲೆಂಜ್‌ನಲ್ಲಿ ಕೀಲು, ಸ್ನಾಯು, ಮೂಳೆಯ ತೊಂದರೆಗಳು ವ್ಯಾಯಾಮದ ಗುಂಪಿನಲ್ಲಿ ಶೇ 18.5, ಇನ್ನೊಂದರಲ್ಲಿ ಶೇ 11.5 ಕಂಡಿದ್ದವು.

ವಾದ ಎಲ್ಲಿ ನಿಂತಿದೆ

ಒಂದು ಬಣ ಹೇಳುವುದು, ಕಳೆದುಕೊಳ್ಳುವುದು ಇಷ್ಟು ಕಡಿಮೆ ಇರುವಾಗ ಸಾಕ್ಷ್ಯ ಪೂರ್ತಿಯಾಗಲಿ ಎಂದು ಕಾಯುವುದೇಕೆ, ಮಾತ್ರೆ ಬರೆದ ಹಾಗೆ ವ್ಯಾಯಾಮವನ್ನೂ ಚೀಟಿಯಲ್ಲಿ ಬರೆಯಿರಿ ಎಂದು. ಇನ್ನೊಂದು ಬಣದ ಆಕ್ಷೇಪ ವ್ಯಾಯಾಮಕ್ಕಲ್ಲ, ಅದರ ಹೆಸರಿನಲ್ಲಿ ಕೊಡುವ ಭರವಸೆಗೆ. ವ್ಯಾಯಾಮ ಗಡ್ಡೆಯನ್ನು ತಡೆಯುತ್ತದೆ ಎಂದು ಹೇಳಿಬಿಟ್ಟರೆ, ಗಡ್ಡೆ ಬೆಳೆದ ದಿನ ರೋಗಿ ತನ್ನನ್ನೇ ದೂರಿಕೊಳ್ಳುತ್ತಾನೆ. ಇಲ್ಲವೇ ವ್ಯಾಯಾಮ ಮಾಡುತ್ತಿದ್ದೇನಲ್ಲ ಎಂಬ ಧೈರ್ಯದಲ್ಲಿ ಮುಂದಿನ ಎಂಆರ್‌ಐ ತಪ್ಪಿಸುತ್ತಾನೆ. ಎರಡನೆಯದು ನಿಜಕ್ಕೂ ಅಪಾಯಕಾರಿ.

ನನ್ನ ಒಲವು ಮೊದಲ ಬಣದ ಕಡೆಗೆ, ಎರಡನೆಯ ಬಣದ ಷರತ್ತಿನೊಂದಿಗೆ. ಬರೆಯಲಿ, ಆದರೆ ಸರಿಯಾದ ಕಾರಣಕ್ಕೆ. ಹೃದಯಕ್ಕೆ ಲಾಭವಿದೆ. ಮನಸ್ಸಿಗೂ ಇದೆ: ಇರೇಸ್‌ನಲ್ಲಿ ಭಾಗವಹಿಸಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕುರಿತ ಆತಂಕ, ಕಾಯಿಲೆ ಹೆಚ್ಚೀತೆಂಬ ಭಯ, ದಣಿವು ಕಡಿಮೆಯಾದದ್ದನ್ನು ನಂತರದ ವರದಿ ದಾಖಲಿಸಿತು. ಇದನ್ನು ಸಣ್ಣದೆಂದು ತಳ್ಳುವಂತಿಲ್ಲ. ನಿಗಾದಲ್ಲಿರುವವರು ಕೆಲವೊಮ್ಮೆ ಶಸ್ತ್ರಚಿಕಿತ್ಸೆಗೆ ಹೋಗುವುದು ಗಡ್ಡೆ ಬದಲಾಗಿ ಅಲ್ಲ, ಕಾಯುವುದನ್ನು ತಾಳಲಾರದೆ. ಆತಂಕ ತಗ್ಗಿಸುವ ಯಾವುದಾದರೂ ಬೇಡದ ಶಸ್ತ್ರಚಿಕಿತ್ಸೆಯನ್ನು, ಅದರ ಹಿಂದೆ ಬರುವ ಮೂತ್ರ ಸೋರಿಕೆ, ನಿಮಿರುವಿಕೆಯ ತೊಂದರೆಗಳನ್ನು ಮುಂದೂಡಬಲ್ಲದು.

ಚಿಕಿತ್ಸೆ ಬಂದೇ ಬಂದರೆ

ಪ್ರೊಟೆಕ್ಟ್‌ನ ನಿಗಾ ಗುಂಪಿನಲ್ಲಿ 15 ವರ್ಷದೊಳಗೆ ಸುಮಾರು ಶೇ 61 ಮಂದಿ ಶಸ್ತ್ರಚಿಕಿತ್ಸೆ ಅಥವಾ ವಿಕಿರಣಕ್ಕೆ ಹೋದರು. ಯಾವ ಚಿಕಿತ್ಸೆಯೂ ಇಲ್ಲದೆ ಕೊನೆಯವರೆಗೆ ಬದುಕಿದ್ದವರು ಸುಮಾರು ನಾಲ್ಕರಲ್ಲಿ ಒಬ್ಬರು. ಹಾಗಾಗಿ ಈ ವರ್ಷಗಳು ಕಾಯುವ ಕಾಲ ಮಾತ್ರವಲ್ಲ, ಸಿದ್ಧತೆಯ ಕಾಲವೂ ಹೌದು. ಗಟ್ಟಿಯಾದ ಕಾಲು, ಶ್ವಾಸ ಇರುವವನು ಅರಿವಳಿಕೆಯನ್ನು, ಆಸ್ಪತ್ರೆಯ ವಾಸವನ್ನು ಸುಲಭವಾಗಿ ತಾಳುತ್ತಾನೆ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿತವರಿಗೆ ನಂತರದ ಮೊದಲ ತಿಂಗಳುಗಳಲ್ಲಿ ಸೋರಿಕೆ ಬೇಗ ಹತೋಟಿಗೆ ಬರಬಹುದು. ವಿಕಿರಣದ ಜೊತೆ ಹಾರ್ಮೋನ್ ಚಿಕಿತ್ಸೆ ಬಂದರೆ ಸ್ನಾಯು ಕರಗುತ್ತದೆ, ಮೂಳೆ ತೆಳ್ಳಗಾಗುತ್ತದೆ, ಕೊಬ್ಬು ಸೇರುತ್ತದೆ. ಆಗ ಸ್ನಾಯುಬಲದ ವ್ಯಾಯಾಮ ಎಂದಿಗಿಂತ ಹೆಚ್ಚು ಬೇಕಾಗುತ್ತದೆ. ಅದನ್ನು ಮೊದಲ ಸಲ ಕಲಿಯಲು ದಣಿದ ಆ ದಿನಗಳಿಗಿಂತ, ಮೈಯಲ್ಲಿ ಕಸುವಿರುವ ಈಗಿನ ದಿನಗಳೇ ಅನುಕೂಲ.